ಹೊಸ ಮನೆಗೆ ಬಂದ ದೊಡ್ಡ ಬೆಕ್ಕು: ಅದು ಹಠವಲ್ಲ, ಅಂಜಿಕೆ

ಹೀಗೆಂದುಕೊಳ್ಳಿ. ಕಬ್ಬು ಕಡಿದು ಮುಗಿದಿದೆ. ಹೊಲದಲ್ಲಿದ್ದ ಇಲಿಗಳೆಲ್ಲ ಊರೊಳಗೆ ನುಗ್ಗಿ ನಿಮ್ಮ ಜೋಳದ ಚೀಲಗಳಿಗೆ ತೂತು ಕೊರೆಯುತ್ತಿವೆ. ಅಷ್ಟರಲ್ಲಿ ಪರಿಚಯದವರೊಬ್ಬರು ಊರು ಬಿಟ್ಟು ಹೊರಟಿದ್ದಾರೆ. ತಮ್ಮ ಮೂರು ವರ್ಷದ ಬೆಕ್ಕನ್ನು ಕೊಡುತ್ತೇವೆ ಎನ್ನುತ್ತಾರೆ. ‘ಮರಿಯಾದರೆ ಸಾಕುವುದು ಕಷ್ಟ. ಇದು ಬೆಳೆದ ಬೆಕ್ಕು, ಬಂದ ದಿನವೇ ಇಲಿ ಹಿಡಿಯುತ್ತದೆ’ ಎಂದು ಸಂತೋಷದಿಂದ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ತರುತ್ತೀರಿ.

ಚೀಲದ ಬಾಯಿ ಬಿಚ್ಚಿದೊಡನೆ ಅದು ಬಾಣದಂತೆ ಹಾರಿ ಅಟ್ಟದ ಮೂಲೆ ಸೇರುತ್ತದೆ. ಮೊದಲ ದಿನ ಊಟ ಮುಟ್ಟುವುದಿಲ್ಲ. ಮೂರನೆಯ ದಿನ ಹಾಸಿಗೆಯ ಮೇಲೆ ಮೂತ್ರ. ನಾಲ್ಕನೆಯ ರಾತ್ರಿ ಓಣಿಗೆಲ್ಲ ಕೇಳುವಂತೆ ಕೂಗಾಟ. ಐದನೆಯ ದಿನ ಅದನ್ನು ಹೊರಗೆ ಎಳೆಯಲು ಹೋದ ಮಗುವಿನ ಕೈ ಪರಚಿ ರಕ್ತ ಬರುತ್ತದೆ. ಆರನೆಯ ದಿನ ಮನೆಯ ಹಿರಿಯರ ತೀರ್ಪು ಹೊರಬೀಳುತ್ತದೆ: ‘ಈ ಬೆಕ್ಕಿನ ಗುಣ ಸರಿ ಇಲ್ಲ. ಚೀಲದಲ್ಲಿ ಹಾಕಿ ಹೊಳೆಯ ಆಚೆ ಬಿಟ್ಟು ಬಾ.’

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಓದುಗರಿಗೆ ಈ ಕಥೆ ಹೊಸದೇನಲ್ಲ. ಆದರೆ ಇದರಲ್ಲಿ ಎರಡು ದೊಡ್ಡ ತಪ್ಪುಗಳಿವೆ. ಒಂದು, ಅಂಜಿದ ಪ್ರಾಣಿಯನ್ನು ಕೆಟ್ಟ ಪ್ರಾಣಿಯೆಂದು ತಿಳಿದದ್ದು. ಇನ್ನೊಂದು, ಬೆಕ್ಕಿನ ಮೇಲಿನ ಸಿಟ್ಟಿನಲ್ಲಿ ಮಗುವಿನ ಕೈಯ ಗಾಯವನ್ನು ಎಲ್ಲರೂ ಮರೆತದ್ದು. ಮೊದಲನೆಯದರಿಂದ ಬೆಕ್ಕಿನ ಜೀವಕ್ಕೆ ಅಪಾಯ, ಎರಡನೆಯದರಿಂದ ಮಗುವಿನ ಜೀವಕ್ಕೆ. ಎರಡನ್ನೂ ತಪ್ಪಿಸುವುದು ಹೇಗೆಂದು ಈ ವಾರ ನೋಡೋಣ.

ಬೆಕ್ಕಿಗೆ ಮನೆಯೇ ಲೋಕ

ನಾಯಿ ಯಜಮಾನನ ಬೆನ್ನು ಹತ್ತುತ್ತದೆ, ಬೆಕ್ಕು ಜಾಗವನ್ನು ಹಿಡಿದುಕೊಳ್ಳುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಜನರು 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಮಹಾಪೂರ ಕಂಡವರು. ದನಕರುಗಳನ್ನು ಹಗ್ಗ ಹಿಡಿದು ಎತ್ತರದ ಜಾಗಕ್ಕೆ ಒಯ್ಯಬಹುದು. ನಾಯಿ ತಾನಾಗಿಯೇ ಹಿಂದೆ ಬರುತ್ತದೆ. ಮಾಳಿಗೆ ಏರಿ ಕುಳಿತ ಬೆಕ್ಕನ್ನು ಮಾತ್ರ ಕರೆದರೂ ಇಳಿಸುವುದು ಕಷ್ಟ. ಅದಕ್ಕೆ ಆ ಮನೆಯ ಪ್ರತಿ ಮೂಲೆ, ಪ್ರತಿ ವಾಸನೆ ಗೊತ್ತು. ಅಲ್ಲಿಯೇ ತಾನು ಸುರಕ್ಷಿತವೆಂಬ ನಂಬಿಕೆ ಅದರದು.

ಅಂಥ ಪ್ರಾಣಿಯನ್ನು ಒಂದು ಮಧ್ಯಾಹ್ನ ಕತ್ತಲೆಯ ಚೀಲದಲ್ಲಿ ಹಾಕಿ, ಬೈಕಿನ ಸದ್ದಿನಲ್ಲಿ ಹತ್ತಾರು ಮೈಲಿ ಒಯ್ದು, ಗುರುತಿಲ್ಲದ ಜನರ ನಡುವೆ ಬಿಚ್ಚಿದರೆ ಅದರ ಮನಸ್ಸಿಗೆ ಏನಾಗಬಹುದು? ಮರಿಯ ವಿಷಯ ಬೇರೆ. ಹುಟ್ಟಿದ 2ರಿಂದ 7 ವಾರಗಳ ಅವಧಿಯಲ್ಲಿ ಬೆಕ್ಕಿನ ಮರಿ ಮನುಷ್ಯರ ಸ್ಪರ್ಶವನ್ನು ಬಲು ಬೇಗ ಒಪ್ಪಿಕೊಳ್ಳುತ್ತದೆ. ದೊಡ್ಡ ಬೆಕ್ಕಿಗೆ ಆಗಲೇ ಒಂದು ಅನುಭವವಿದೆ, ರೂಢಿಗಳಿವೆ, ಅಂಜಿಕೆಗಳಿವೆ. ಅದು ಹೊಸದನ್ನು ಕಲಿಯುವುದಿಲ್ಲವೆಂದಲ್ಲ; ನಿಧಾನವಾಗಿ ಕಲಿಯುತ್ತದೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಹಾಲಿನ ಬಟ್ಟಲು ಕಂಡರೆ ಸಾಕು, ಆ ಬೆಕ್ಕು ಓಡಿಹೋಗುತ್ತಿತ್ತು. ನೋಡಿದವರಿಗೆ ಅದು ವಿಚಿತ್ರ ಸ್ವಭಾವ. ನಿಜ ಸಂಗತಿಯೆಂದರೆ, ಯಾವಾಗಲೋ ಕುದಿಯುವ ಹಾಲು ಕುಡಿಸಿ ಅದರ ಬಾಯಿ ಸುಡಲಾಗಿತ್ತು. ನಿಮ್ಮ ಮನೆಗೆ ಬಂದ ಬೆಕ್ಕು ಪೊರಕೆ ಎತ್ತಿದರೆ ಓಡಬಹುದು, ಗಂಡಸರ ದನಿಗೆ ಅಡಗಬಹುದು, ಬಾಲ ಮುಟ್ಟಿದರೆ ತಿರುಗಿ ಬೀಳಬಹುದು. ಆ ‘ಸ್ವಭಾವ’ದ ಹಿಂದೆ ಎಲ್ಲೋ ಒಂದು ಕಾದ ಹಾಲಿನ ಬಟ್ಟಲು ಇರುವ ಸಾಧ್ಯತೆಯಿದೆ.

ತರುವ ಮೊದಲು ಕೇಳಬೇಕಾದದ್ದು

ಬೆಕ್ಕನ್ನು ಕೊಡುವವರನ್ನು ನಾಲ್ಕು ಮಾತು ಕೇಳಿ. ಅದು ಏನು ತಿನ್ನುತ್ತಿತ್ತು? ಶೌಚಕ್ಕೆ ಎಲ್ಲಿ ಹೋಗುತ್ತಿತ್ತು? ಲಸಿಕೆ ಹಾಕಿಸಿದ್ದಾರೆಯೇ, ಸಂತಾನಹರಣ ಮಾಡಿಸಿದ್ದಾರೆಯೇ? ಏನೆಂದು ಕರೆಯುತ್ತಿದ್ದರು?

ಕೊನೆಯ ಪ್ರಶ್ನೆ ತಮಾಷೆಯದೆಂದು ಬಿಡಬೇಡಿ. ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಶಬ್ದಗಳಿಂದ ಬೇರ್ಪಡಿಸಿ ಗುರುತಿಸುತ್ತವೆಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದರು. ನಮ್ಮ ಗಡಿಭಾಗದಲ್ಲಿ ಒಂದೇ ಓಣಿಯ ಒಂದು ಮನೆಯಲ್ಲಿ ಅದು ‘ಬೆಕ್ಕು’, ಪಕ್ಕದ ಮನೆಯಲ್ಲಿ ‘ಮಾಂಜರ’. ಮರಾಠಿ ಮನೆಯಲ್ಲಿ ಮೂರು ವರ್ಷ ಒಂದು ಕರೆಗೆ ಓಡಿಬಂದ ಬೆಕ್ಕಿಗೆ ಕನ್ನಡ ಮನೆಯ ಹೊಸ ಹೆಸರು ಮೊದಲ ದಿನವೇ ಹೊಂದುವುದಿಲ್ಲ. ಕೆಲವು ವಾರ ಹಳೆಯ ಹೆಸರಿನಿಂದಲೇ, ಹಳೆಯ ರೀತಿಯಲ್ಲಿಯೇ ಕರೆಯಿರಿ.

ಅದು ಮಲಗುತ್ತಿದ್ದ ಹಳೆಯ ಗೋಣಿತಟ್ಟನ್ನೋ ಬಟ್ಟೆಯನ್ನೋ ಒಗೆಯದೆ ಜೊತೆಗೆ ತನ್ನಿ. ಆ ವಾಸನೆಯೇ ಹೊಸ ಮನೆಯಲ್ಲಿ ಅದರ ಏಕೈಕ ಪರಿಚಿತ ಸಂಗಾತಿ. ಬಾಯಿ ಕಟ್ಟಿದ ಚೀಲದ ಬದಲು ಗಾಳಿಯಾಡುವ ಬುಟ್ಟಿಯಲ್ಲಿ, ಮೇಲೆ ಬಟ್ಟೆ ಮುಚ್ಚಿ ತರುವುದು ಒಳ್ಳೆಯದು.

ಮೊದಲು ಒಂದು ಕೋಣೆ ಮಾತ್ರ

ಹೊಸ ಬೆಕ್ಕಿಗೆ ಇಡೀ ಮನೆಯನ್ನು ಒಮ್ಮೆಲೇ ತೋರಿಸಬೇಡಿ. ಜನರ ಓಡಾಟ ಕಡಿಮೆಯಿರುವ ಒಂದು ಚಿಕ್ಕ ಕೋಣೆ ಸಾಕು. ಅದರ ಕಿಟಕಿ, ಹಂಚಿನ ಸಂದುಗಳನ್ನು ಮುಚ್ಚಿ. ಒಂದು ಮೂಲೆಯಲ್ಲಿ ನೀರು ಮತ್ತು ಆಹಾರ, ಸಾಧ್ಯವಾದಷ್ಟು ದೂರದ ಇನ್ನೊಂದು ಮೂಲೆಯಲ್ಲಿ ಶೌಚದ ಉಸುಕಿನ ಬುಟ್ಟಿ, ಮೂರನೆಯ ಕಡೆ ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇಡಿ.

ಈ ಪೆಟ್ಟಿಗೆ ಬಹಳ ಮುಖ್ಯ. ನೆದರ್ಲೆಂಡ್ಸ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪ್ರಾಣಿಗಳ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಬೇಗನೆ ಶಾಂತವಾದವು. ಅಡಗುವುದು ರೋಗವಲ್ಲ, ಅದೇ ಬೆಕ್ಕಿನ ಔಷಧ. ಆದ್ದರಿಂದ ಅಡಗಿದ ಬೆಕ್ಕನ್ನು ಎಳೆಯಬೇಡಿ, ಕೋಲಿನಿಂದ ತಿವಿಯಬೇಡಿ, ನೆಂಟರಿಗೆ ತೋರಿಸಲು ಎತ್ತಬೇಡಿ.

ದಿನಕ್ಕೆ ಎರಡು ಮೂರು ಬಾರಿ ಒಳಗೆ ಹೋಗಿ ಸುಮ್ಮನೆ ನೆಲದ ಮೇಲೆ ಕುಳಿತುಕೊಳ್ಳಿ. ಇದೇ ಪತ್ರಿಕೆಯನ್ನು ಓದಿ, ಕಾಳು ಆರಿಸಿ. ದಿಟ್ಟಿಸಿ ನೋಡಬೇಡಿ, ಬೆಕ್ಕಿನ ಭಾಷೆಯಲ್ಲಿ ಅದು ಬೆದರಿಕೆ. ಅದು ನಿಮ್ಮತ್ತ ನೋಡಿದಾಗ ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆಯಿರಿ. ಹೀಗೆ ಮಾಡಿದರೆ ಬೆಕ್ಕುಗಳು ತಾವೂ ಕಣ್ಣು ಕಿರಿದಾಗಿಸಿ ಉತ್ತರಿಸುತ್ತವೆ, ಹತ್ತಿರ ಬರಲು ಹೆಚ್ಚು ಮನಸ್ಸು ಮಾಡುತ್ತವೆ ಎಂದು ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ಕಂಡುಕೊಂಡರು.

ಸಾಮಾನ್ಯ ಲೆಕ್ಕವೊಂದಿದೆ: ಭಯ ಸ್ವಲ್ಪ ಇಳಿಯಲು ಮೂರು ದಿನ, ಮನೆಯ ರೂಢಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನಿಸಲು ಮೂರು ತಿಂಗಳು. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು. ಆರನೆಯ ದಿನ ತೀರ್ಪು ಕೊಡುವುದು ಅವಸರವೆಂದು ಈಗ ನಿಮಗೂ ಅನಿಸುತ್ತಿರಬೇಕು.

ಆದರೆ ಒಂದು ಎಚ್ಚರಿಕೆ. ಮೊದಲ ದಿನ ಊಟ ಬಿಡುವುದು ಸಾಮಾನ್ಯ. ಎರಡು ದಿನ ಏನನ್ನೂ ತಿನ್ನದಿದ್ದರೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೆ ಅಪಾಯವಾಗಬಹುದು. ಪಶುವೈದ್ಯರಿಗೆ ತೋರಿಸಿ.

ಚಟವೋ, ಕಾಯಿಲೆಯೋ?

ಬೆಕ್ಕು ನೋವನ್ನು ಮುಚ್ಚಿಡುವುದರಲ್ಲಿ ನಿಪುಣ. ನಾವು ಕೆಟ್ಟ ಚಟವೆನ್ನುವ ಎಷ್ಟೋ ಸಂಗತಿಗಳು ಕಾಯಿಲೆಯ ಲಕ್ಷಣಗಳಾಗಿರುತ್ತವೆ. ಕಂಡಕಂಡಲ್ಲಿ ಮೂತ್ರ ಮಾಡುವ ಬೆಕ್ಕಿಗೆ ಮೂತ್ರಕೋಶದ ಉರಿಯಿರಬಹುದು. ಮುಟ್ಟಿದರೆ ಕಚ್ಚುವ ಬೆಕ್ಕಿಗೆ ಕಿವಿಯಲ್ಲಿ ಹುಳವೋ, ಹಲ್ಲುನೋವೋ, ಕೂದಲಿನಡಿ ಕೀವಾದ ಗಾಯವೋ ಇರಬಹುದು. ಯಾವಾಗಲೂ ಹಸಿದು ಕೂಗುವ ಬೆಕ್ಕಿನ ಹೊಟ್ಟೆಯಲ್ಲಿ ಜಂತುಹುಳುಗಳಿರಬಹುದು.

ಗಂಡುಬೆಕ್ಕು ಮತ್ತೆಮತ್ತೆ ಮೂತ್ರಕ್ಕೆ ಕುಳಿತು ತಿಣುಕಿದರೂ ಹನಿಯೂ ಬರದಿದ್ದರೆ ಅದು ತುರ್ತುಪರಿಸ್ಥಿತಿ. ಮೂತ್ರನಾಳ ಕಟ್ಟಿಕೊಂಡಿದ್ದರೆ ಎರಡು ಮೂರು ದಿನಗಳಲ್ಲಿ ಬೆಕ್ಕು ಸಾಯಬಹುದು. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ತಾಲ್ಲೂಕಿನ ಪಶು ಆಸ್ಪತ್ರೆಯೆಂದರೆ ಎಮ್ಮೆ, ಆಕಳುಗಳಿಗೆ ಮಾತ್ರ ಎಂಬ ಸಂಕೋಚ ಬೇಡ. ಬೆಕ್ಕು ಬಂದ ಮೊದಲ ಎರಡು ವಾರಗಳಲ್ಲಿ ಒಮ್ಮೆ ತೋರಿಸಿ ಜಂತುಹುಳುವಿನ ಔಷಧ ಮತ್ತು ರೇಬೀಸ್ ಲಸಿಕೆ ಹಾಕಿಸಿ. ಮನೆಯ ಮಾತ್ರೆ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಗೆ ಅದು ಸಾಯಬಲ್ಲದು.

ಹಾಸಿಗೆಯ ಮೇಲೆ ಮೂತ್ರ

ಸೇಡು ತೀರಿಸಿಕೊಳ್ಳಲು ಬೆಕ್ಕು ಹೀಗೆ ಮಾಡುತ್ತದೆಂಬ ನಂಬಿಕೆ ತಪ್ಪು. ಅಂಜಿದ ಬೆಕ್ಕು ಮೆತ್ತನೆಯ, ಮರೆಯಾದ ಜಾಗ ಹುಡುಕುತ್ತದೆ. ಹಳೆಯ ಮನೆಯಲ್ಲಿ ಹಿತ್ತಲಿನ ಮಣ್ಣಿಗೆ ಹೋಗುತ್ತಿದ್ದ ಬೆಕ್ಕಿಗೆ ಹೊಸ ಮನೆಯ ಫರಸಿಯ ಮೇಲೆ ಮಣ್ಣೆಲ್ಲಿದೆ? ಆದ್ದರಿಂದ ಮೊದಲ ದಿನದಿಂದಲೇ ಅಗಲವಾದ, ತಗ್ಗು ಅಂಚಿನ ಬುಟ್ಟಿಯಲ್ಲಿ ನಾಲ್ಕು ಬೆರಳು ಎತ್ತರ ಸಣ್ಣ ಉಸುಕು ತುಂಬಿಡಿ. ಬೆಕ್ಕು ಒಳಗೆ ಸಲೀಸಾಗಿ ಸುತ್ತು ತಿರುಗುವಷ್ಟು ಜಾಗವಿರಬೇಕು. ಹಿತ್ತಲಿಗೆ ಹೋಗಿ ರೂಢಿಯಾದ ಬೆಕ್ಕಾದರೆ ಮೇಲೊಂದು ಹಿಡಿ ಹೊಲದ ಮಣ್ಣು ಹರಡಿ. ಮಲವನ್ನು ದಿನಕ್ಕೆರಡು ಬಾರಿ ತೆಗೆಯಿರಿ. ಕೊಳಕು ಬುಟ್ಟಿಯನ್ನು ಬೆಕ್ಕು ಮುಟ್ಟುವುದಿಲ್ಲ. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಮೂರು ಬುಟ್ಟಿಗಳಿರಲಿ.

ಮೂತ್ರ ಮಾಡಿದ ಜಾಗವನ್ನು ಫಿನೈಲ್ ಹಾಕಿ ಒರೆಸಬೇಡಿ. ಅದು ಬೆಕ್ಕಿಗೆ ವಿಷಕಾರಿ. ಕಾಲಿಗೆ ಹತ್ತಿದ್ದನ್ನು ನೆಕ್ಕಿ ನುಂಗುತ್ತದೆ. ಅಮೋನಿಯಾ ಇರುವ ದ್ರಾವಣವೂ ಬೇಡ, ಅದರ ವಾಸನೆ ಮೂತ್ರದಂತೆಯೇ ಇರುತ್ತದೆ. ಬಟ್ಟೆ ಒಗೆಯುವ ಪುಡಿಯ ನೀರಿನಿಂದ ಚೆನ್ನಾಗಿ ತೊಳೆದು, ಸಾಧ್ಯವಾದರೆ ಬಿಸಿಲಿಗೆ ಒಣಗಿಸಿ. ಬೆಕ್ಕಿನ ಮೂಗನ್ನು ಮೂತ್ರಕ್ಕೆ ತಿಕ್ಕುವುದು, ಹೊಡೆಯುವುದು ಮಾಡಿದರೆ ಅದು ಕಲಿಯುವುದು ಒಂದೇ ಪಾಠ: ಈ ಮನುಷ್ಯರ ಕಣ್ಣಿಗೆ ಬೀಳದಂತೆ ಎಲ್ಲಾದರೂ ಮರೆಯಲ್ಲಿ ಮಾಡಬೇಕು.

ನಿಂತುಕೊಂಡು ಬಾಲ ಎತ್ತಿ ಗೋಡೆಗೆ ಮೂತ್ರ ಚಿಮ್ಮಿಸುವುದು ಬೇರೆ ಸಂಗತಿ. ಅದು ‘ಈ ಸೀಮೆ ನನ್ನದು’ ಎಂಬ ಗುರುತು. ಸಂತಾನಹರಣ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡುಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ.

ಮನೆಯಲ್ಲಿ ಗರ್ಭಿಣಿಯರಿದ್ದರೆ ಬುಟ್ಟಿಯನ್ನು ಬೇರೆಯವರು ಸ್ವಚ್ಛ ಮಾಡಲಿ. ಕೆಲವು ಬೆಕ್ಕುಗಳ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರುತ್ತದೆ. ಗರ್ಭಿಣಿಗೆ ಹೊಸದಾಗಿ ಇದರ ಸೋಂಕು ತಗುಲಿದರೆ ಗರ್ಭದ ಮಗುವಿಗೆ ತೊಂದರೆಯಾಗಬಹುದು. ಇದು ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ಹರಡುವ ಶಕ್ತಿ ಪಡೆಯಲು 1ರಿಂದ 5 ದಿನ ಬೇಕು. ಆದ್ದರಿಂದ ಪ್ರತಿದಿನ ಬುಟ್ಟಿ ಸ್ವಚ್ಛ ಮಾಡಿ ಕೈ ತೊಳೆಯುವ ಮನೆಯಲ್ಲಿ ಅಪಾಯ ಬಹಳ ಕಡಿಮೆ. ಇದಕ್ಕಾಗಿ ಬೆಕ್ಕನ್ನು ಹೊರಹಾಕಬೇಕಾಗಿಲ್ಲ.

ಕಚ್ಚುವ ಮೊದಲು ಬೆಕ್ಕು ಹೇಳುತ್ತದೆ

ಯಾವ ಬೆಕ್ಕೂ ಸೂಚನೆ ಕೊಡದೆ ಪರಚುವುದು ಅಪರೂಪ. ಬಾಲದ ತುದಿ ಪಟಪಟನೆ ಬಡಿಯುವುದು, ಕಿವಿ ಹಿಂದಕ್ಕೆ ಮಡಚಿಕೊಳ್ಳುವುದು, ಬೆನ್ನಿನ ಚರ್ಮ ಅದುರುವುದು, ಕಣ್ಣಿನ ಪಾಪೆ ದೊಡ್ಡದಾಗುವುದು, ಇವೆಲ್ಲ ‘ಸಾಕು, ಬಿಡು’ ಎಂಬ ಮಾತುಗಳು. ಮಕ್ಕಳಿಗೆ ಈ ನಾಲ್ಕು ಗುರುತುಗಳನ್ನು ಕಲಿಸಿ. ಅವು ಕಂಡಾಗ ಕೈ ಹಿಂದೆ ತೆಗೆದುಕೊಳ್ಳಬೇಕು.

ಬೆಕ್ಕನ್ನು ನಾವು ಹುಡುಕಿಕೊಂಡು ಹೋಗುವ ಬದಲು ಅದೇ ನಮ್ಮ ಬಳಿ ಬರಲಿ. ಬಂದಾಗ ಬೆರಳು ಮೂಸಲು ಬಿಟ್ಟು, ಗಲ್ಲ, ಕಿವಿಯ ಬುಡ ಸವರಿ. ಹೊಟ್ಟೆ, ಬಾಲ, ಪಾದಗಳನ್ನು ಮುಟ್ಟಬೇಡಿ. ನಾಲ್ಕೈದು ಬಾರಿ ಸವರಿ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ ತಲೆ ಒತ್ತಿ ಕೇಳುತ್ತದೆ.

ಕೈಬೆರಳು ಆಡಿಸಿ ಆಟವಾಡಿಸುವ ರೂಢಿಯನ್ನು ಬಿಡಿ. ಬೆರಳೆಂದರೆ ಬೇಟೆ ಎಂದು ಬೆಕ್ಕು ಕಲಿತರೆ ತಪ್ಪು ಅದರದಲ್ಲ. ಒಂದು ಕೋಲಿನ ತುದಿಗೆ ದಾರ, ದಾರದ ತುದಿಗೆ ಬಟ್ಟೆಯ ಚಿಂದಿ ಕಟ್ಟಿ ಆಡಿಸಿ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ. ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಮನೆಯಲ್ಲಿ ಮೊದಲೇ ಬೆಕ್ಕೋ ನಾಯಿಯೋ ಇದ್ದರೆ ಮುಖಾಮುಖಿ ಮಾಡಿಸುವ ಅವಸರ ಬೇಡ. ಮೊದಲ ವಾರ ಒಂದರ ಹಾಸಿಗೆಯ ಬಟ್ಟೆಯನ್ನು ಇನ್ನೊಂದರ ಬಳಿ ಇಟ್ಟು ವಾಸನೆಯ ಪರಿಚಯ ಮಾಡಿಸಿ. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟ ಹಾಕಿ. ಇಬ್ಬರೂ ಗುರ್ ಎನ್ನದೆ ಉಣ್ಣುವಂತಾದ ಮೇಲೆ ಬಾಗಿಲು ಸ್ವಲ್ಪಸ್ವಲ್ಪ ತೆರೆಯಿರಿ.

ಪರಚಿದ ಗಾಯ ಮರೆಯಬೇಡಿ

ಈಗ ಮಗುವಿನ ಕೈಗೆ ಬರೋಣ. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆಂಬ ತಿಳಿವಳಿಕೆ ತಪ್ಪು. ಹುಚ್ಚುನಾಯಿ ಕಚ್ಚಿದ ಬೆಕ್ಕಿಗೂ ರೇಬೀಸ್ ಬರುತ್ತದೆ, ಅದರಿಂದ ಮನುಷ್ಯರಿಗೂ ಬರುತ್ತದೆ. ಒಮ್ಮೆ ಲಕ್ಷಣಗಳು ಕಾಣಿಸಿದ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಅದಕ್ಕೂ ಮೊದಲೇ ಲಸಿಕೆ ಪಡೆದರೆ ಜೀವ ಉಳಿಯುತ್ತದೆ. ಹೊಸದಾಗಿ ಬಂದ ದೊಡ್ಡ ಬೆಕ್ಕಿನ ಹಿಂದಿನ ಚರಿತ್ರೆ ನಮಗೆ ಪೂರ್ತಿ ಗೊತ್ತಿರುವುದಿಲ್ಲ ಎಂಬುದನ್ನು ಮರೆಯಬೇಡಿ.

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ತಕ್ಷಣ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ಇಷ್ಟರಿಂದಲೇ ಬಹಳಷ್ಟು ವಿಷಾಣುಗಳು ಕೊಚ್ಚಿಹೋಗುತ್ತವೆ. ಖಾರದಪುಡಿ, ಸುಣ್ಣ, ಅರಿಸಿನ, ಎಣ್ಣೆ, ತಂಬಾಕಿನ ಪುಡಿ ಯಾವುದನ್ನೂ ಹಚ್ಚಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ. ಅಂದೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಲಸಿಕೆಯನ್ನು ಉಚಿತವಾಗಿ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಈ ಚುಚ್ಚುಮದ್ದು ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ ಹೀಗೆ ನಾಲ್ಕು ಸಲ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನೂ ಕೊಡಬೇಕಾಗುತ್ತದೆ. ಟೆಟನಸ್ ಚುಚ್ಚುಮದ್ದು ಬೇಕೇ ಎಂಬುದನ್ನೂ ವೈದ್ಯರೇ ನಿರ್ಧರಿಸುತ್ತಾರೆ. ನಡುವೆ ನಿಲ್ಲಿಸಬೇಡಿ.

ಇಲ್ಲಿಯೇ ಇನ್ನೊಂದು ಮಾತು. ಪರಚಿದ ಬೆಕ್ಕನ್ನು 10 ದಿನ ಕಣ್ಣೆದುರಿಗೆ ಇಟ್ಟುಕೊಂಡು ನೋಡಬೇಕು. ಆ ಅವಧಿಯಲ್ಲಿ ಅದು ಆರೋಗ್ಯವಾಗಿ ಉಳಿದರೆ ಕಚ್ಚಿದಾಗ ಅದಕ್ಕೆ ರೇಬೀಸ್ ಅಂಟಿಸುವ ಸ್ಥಿತಿ ಇರಲಿಲ್ಲವೆಂದು ತಿಳಿಯುತ್ತದೆ. ಲಸಿಕೆ ಮುಂದುವರಿಸುವ ಬಗ್ಗೆ ವೈದ್ಯರು ಆಗ ಹೇಳುತ್ತಾರೆ. ಸಿಟ್ಟಿನಿಂದ ಹೊಳೆಯ ಆಚೆ ಬಿಟ್ಟು ಬಂದರೆ ಈ ಮಾಹಿತಿಯನ್ನೂ ಹೊಳೆಗೆ ಎಸೆದಂತೆ. ಆದರೆ 10 ದಿನ ನೋಡಿ ಆಮೇಲೆ ಲಸಿಕೆ ಹಾಕಿಸೋಣವೆಂದು ಕಾಯಕೂಡದು. ಲಸಿಕೆ ಇಂದೇ, ಬೆಕ್ಕಿನ ಮೇಲೆ ನಿಗಾ ಜೊತೆಜೊತೆಗೆ. ಬೆಕ್ಕು ಒಮ್ಮೆಲೇ ಕೆರಳಿ ಮೈಮೇಲೆ ಬೀಳತೊಡಗಿದರೆ, ಜೊಲ್ಲು ಸುರಿಸಿದರೆ, ದನಿ ಬದಲಾದರೆ, ಕಾಲು ಎಳೆಯತೊಡಗಿದರೆ ಯಾರೂ ಮುಟ್ಟದೆ ಕೋಣೆಯ ಬಾಗಿಲು ಹಾಕಿ ಪಶುವೈದ್ಯರಿಗೆ ತಿಳಿಸಿ.

ಬೆಕ್ಕಿನ ಹಲ್ಲು ಸೂಜಿಯಂಥದು. ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಒಂದೆರಡು ದಿನಗಳಲ್ಲಿ ಕೆಂಪಾಗಿ ಬಾತು ನೋವು ಬಂದರೆ ಮತ್ತೆ ವೈದ್ಯರನ್ನು ಕಾಣಿರಿ.

ರಾತ್ರಿಯ ಕೂಗಾಟ

ಬೆಕ್ಕು ಹಗಲಿನ ಬಹುಭಾಗ ಮಲಗಿ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಚುರುಕಾಗುವ ಪ್ರಾಣಿ. ಹೊಸ ಜಾಗದಲ್ಲಿ ಮನೆಮಂದಿಯೆಲ್ಲ ಮಲಗಿದ ಮೇಲೆ ಅದಕ್ಕೆ ಧೈರ್ಯ ಬಂದು ಹಳೆಯ ಮನೆಯನ್ನು ಹುಡುಕತೊಡಗುತ್ತದೆ. ಮಲಗುವ ಮುನ್ನ ಹತ್ತು ಹದಿನೈದು ನಿಮಿಷ ಆಡಿಸಿ, ನಂತರ ದಿನದ ಕೊನೆಯ ಊಟ ಹಾಕಿ. ಬೇಟೆ, ಊಟ, ನಿದ್ರೆ ಇದು ಬೆಕ್ಕಿನ ಸಹಜ ಕ್ರಮ. ಕೂಗಿದಾಗಲೆಲ್ಲ ಎದ್ದು ಹಾಲು ಕೊಟ್ಟರೆ ಕೂಗುವುದೇ ಹಾಲಿನ ಉಪಾಯವೆಂದು ಅದು ಕಲಿಯುತ್ತದೆ. ಬೈದರೂ ಹಾಗೆಯೇ, ಅದೂ ಒಂದು ರೀತಿಯ ಗಮನವೇ.

ಸಂತಾನಹರಣವಾಗದ ಹೆಣ್ಣುಬೆಕ್ಕು ಬೆದೆಗೆ ಬಂದಾಗ ನೆಲದ ಮೇಲೆ ಹೊರಳಾಡಿ ಗೋಳಿಡುತ್ತದೆ. ಹೊಟ್ಟೆನೋವೆಂದು ಗಾಬರಿಯಾಗಬೇಡಿ. ಸುಮಾರು ಎರಡು ತಿಂಗಳ ಗರ್ಭದ ನಂತರ ಮರಿಗಳು ಬರುತ್ತವೆ. ಅವನ್ನು ಯಾರ ಮನೆಗೆ ಕೊಡುವುದೆಂಬ ಚಿಂತೆ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸುವುದೇ ಕೂಗಾಟಕ್ಕೂ ಚಿಂತೆಗೂ ಪರಿಹಾರ.

ಕುರ್ಚಿ, ಹಾಸಿಗೆ, ಚಾಪೆ ಕೆರೆಯುವುದೂ ದುರಭ್ಯಾಸವಲ್ಲ. ಅದು ಉಗುರಿನ ಹಳೆಯ ಪದರ ಕಳಚುವ, ಗುರುತು ಇಡುವ ಕೆಲಸ. ನಿಲ್ಲಿಸಲಾಗದು, ಬೇರೆಡೆಗೆ ತಿರುಗಿಸಬಹುದು. ಬೆಕ್ಕು ಮೈ ಚಾಚಿ ನಿಲ್ಲುವಷ್ಟು ಎತ್ತರದ, ಅಲುಗಾಡದ ಜಾಲಿ ಕಟ್ಟಿಗೆಗೆ ನಾರಿನ ಹಗ್ಗ ಸುತ್ತಿ, ಅದು ಮಲಗುವ ಜಾಗದ ಹತ್ತಿರ ನಿಲ್ಲಿಸಿ.

ಶಾಕಾಹಾರಿ ಮನೆಯ ಬೆಕ್ಕು

ಜೈನ, ಲಿಂಗಾಯತ ಮನೆತನಗಳು ಹೆಚ್ಚಿರುವ ನಮ್ಮ ಭಾಗದಲ್ಲಿ ಈ ಪ್ರಶ್ನೆ ಸಹಜ: ಹಾಲು ರೊಟ್ಟಿಯ ಮೇಲೆ ಬೆಕ್ಕು ಬದುಕಲಾರದೆ? ನಾಯಿ ಮಿಶ್ರಾಹಾರಿ, ಬೆಕ್ಕು ಹಾಗಲ್ಲ. ಅದರ ದೇಹ ಮಾಂಸಾಹಾರಕ್ಕೇ ಕಟ್ಟಿದ್ದು. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಆಹಾರದಿಂದಲೇ ಸಿಗಬೇಕು. ಇದರ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುವುದು 1970ರ ದಶಕದಲ್ಲಿ, ಹೃದಯದ ಸ್ನಾಯು ದುರ್ಬಲವಾಗುವುದು 1987ರಲ್ಲಿ ಗೊತ್ತಾಯಿತು. ಹಳ್ಳಿಯ ಬೆಕ್ಕು ಹಾಲು ರೊಟ್ಟಿಯ ಮೇಲೆ ಬದುಕಿದಂತೆ ಕಂಡರೂ ನಿಜವಾಗಿ ಅದನ್ನು ಬದುಕಿಸಿದ್ದು ಇಲಿ, ಓತಿಕ್ಯಾತ, ಹಕ್ಕಿಗಳು. ಕೋಣೆಯಲ್ಲಿ ಕೂಡಿಟ್ಟ ಬೆಕ್ಕಿಗೆ ಅವು ಸಿಗುವುದಿಲ್ಲ. ಆದ್ದರಿಂದ ಮಾಂಸ ಮುಟ್ಟದ ಮನೆಯವರು ಅಂಗಡಿಯಲ್ಲಿ ಸಿಗುವ, ಟಾರಿನ್ ಸೇರಿಸಿದ ಬೆಕ್ಕಿನ ಸಿದ್ಧ ಆಹಾರದ ಕಾಳುಗಳನ್ನು ಕೊಡುವುದು ಸುಲಭದ ದಾರಿ. ಅದರಲ್ಲಿಯೂ ಸಾಮಾನ್ಯವಾಗಿ ಮಾಂಸ, ಮೀನು ಇರುತ್ತವೆಂಬುದನ್ನು ತಿಳಿದಿರಿ. ಇದೂ ಒಪ್ಪಿಗೆಯಾಗದಿದ್ದರೆ ಬೆಕ್ಕು ತರುವ ಮೊದಲೇ ಮನೆಯಲ್ಲಿ ಕುಳಿತು ಯೋಚಿಸುವುದು ಒಳ್ಳೆಯದು.

ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಬಟ್ಟಲಲ್ಲಿ ಯಾವಾಗಲೂ ಶುದ್ಧ ನೀರಿರಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಲೆ ಬೇಡವೇ ಬೇಡ; ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಹೊರಗೆ ಬಿಡುವುದು ಯಾವಾಗ?

ಮೂರು ನಾಲ್ಕು ವಾರ ಒಳಗೇ ಇಟ್ಟ ಮೇಲೆ, ಕರೆದರೆ ಊಟಕ್ಕೆ ಬರುವ ರೂಢಿಯಾದ ಮೇಲೆ ಬಿಡಿ. ಅದಕ್ಕೆ ಮೊದಲು ಬಿಟ್ಟರೆ ಹಳೆಯ ಮನೆಯ ದಾರಿ ಹಿಡಿಯುವುದೇ ಹೆಚ್ಚು. ಮೊದಲ ಸಲ ಊಟಕ್ಕೆ ತುಸು ಮುಂಚೆ, ಹಸಿದಿದ್ದಾಗ, ನೀವೂ ಹಿತ್ತಲಲ್ಲಿ ಇರುವಾಗ ಬಾಗಿಲು ತೆರೆಯಿರಿ. ಸ್ವಲ್ಪ ಹೊತ್ತಿನ ನಂತರ ಕರೆದು ಊಟ ಹಾಕಿ.

ಬೆಕ್ಕು ಸಾಕಿದ ಮೇಲೆ ಇಲಿಪಾಷಾಣ ಇಡುವುದನ್ನು ಬಿಡಬೇಕು. ವಿಷ ತಿಂದು ಮಂಕಾದ ಇಲಿ ಬೆಕ್ಕಿಗೆ ಸುಲಭದ ತುತ್ತು. ಇಲಿಯ ಹೊಟ್ಟೆಯ ವಿಷ ಬೆಕ್ಕಿನ ಹೊಟ್ಟೆ ಸೇರುತ್ತದೆ. ಇಲಿ ಹಿಡಿಯಲೆಂದು ತಂದ ಬೆಕ್ಕು ಇಲಿಯಿಂದಲೇ ಸಾಯಬಾರದು.

ಹೊಳೆಯ ಆಚೆ ಬಿಡುವ ಮೊದಲು

ಮತ್ತೆ ನಮ್ಮ ಕಥೆಯ ಮನೆಗೆ ಬರೋಣ. ಆರನೆಯ ದಿನ ಆ ಹಿರಿಯರ ಕೈಯಲ್ಲಿ ಚೀಲವಿದೆ. ಹೊಳೆಯಾಚೆಯ ಕಬ್ಬಿನ ಗದ್ದೆಯಲ್ಲಿ ಬಿಟ್ಟ ಸಾಕಿದ ಬೆಕ್ಕಿಗೆ ಅಲ್ಲಿಯ ನಾಯಿಗಳು, ರಸ್ತೆಯ ಟ್ರ್ಯಾಕ್ಟರುಗಳು, ಹಸಿವು ಎದುರಾಗುತ್ತವೆ. ಸಾಕಿದ ಪ್ರಾಣಿಯನ್ನು ಹೀಗೆ ಬೀದಿಪಾಲು ಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಆ ಚೀಲವನ್ನು ಮಡಚಿ, ಒಂದು ಕೋಣೆಯ ಮೂಲೆಯಲ್ಲಿ ಹಾಸಲಿ. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ, ದೂರದಲ್ಲಿ ಉಸುಕಿನ ಬುಟ್ಟಿ ಇಡಲಿ. ಮಗುವಿನ ಕೈ ತೊಳೆದು ಆಸ್ಪತ್ರೆಗೆ ಕರೆದೊಯ್ಯಲಿ. ನಂತರ ಮೂರು ವಾರ ಕಾಯಲಿ. ಇಷ್ಟೆಲ್ಲ ಮಾಡಿದರೂ ಹೊಂದಾಣಿಕೆಯಾಗದಿದ್ದರೆ, ಇದ್ದ ಸಂಗತಿಯನ್ನು ಮುಚ್ಚಿಡದೆ ತಿಳಿಸಿ, ಬೆಕ್ಕು ಬೇಕೆನ್ನುವ ಇನ್ನೊಂದು ಮನೆಗೆ ಕೊಡಲಿ.

ಹೆಚ್ಚಿನ ಬೆಕ್ಕುಗಳು ಅಲ್ಲಿಯವರೆಗೆ ಹೋಗುವ ಪ್ರಸಂಗ ತರುವುದಿಲ್ಲ. ಒಂದು ಸಂಜೆ ನೀವು ನೆಲದ ಮೇಲೆ ಕುಳಿತು ಕಾಳು ಆರಿಸುತ್ತಿರುವಾಗ ಅದು ಪೆಟ್ಟಿಗೆಯಿಂದ ತಾನಾಗಿಯೇ ಹೊರಬಂದು, ಮೊಣಕಾಲಿಗೆ ಮೈ ತಿಕ್ಕಿ ಹೋಗುತ್ತದೆ. ಆಗಲೂ ಎತ್ತಿಕೊಳ್ಳುವ ಅವಸರ ಮಾಡಬೇಡಿ. ಕಾಳು ಆರಿಸುತ್ತಲೇ ಇರಿ. ಅದು ಮತ್ತೆ ಬರುತ್ತದೆ.